ಮೊರೆ

ಕಡಲು ಮೊರೆಯುತ್ತದೆ, ಹೂವಿನ ಸುತ್ತ ದುಂಬಿ ಮೊರೆಯುತ್ತದೆ. ‘ಮೊರೆ’ಯಲ್ಲಿ ಮಾತಿಗಿಂತ ಸದ್ದೇ ಹೆಚ್ಚು. ಅಚ್ಚ ದ್ರಾವಿಡ ಪದ, ತೆಲುಗಿನಲ್ಲಿ ‘ಮೊರ’. ಮನುಷ್ಯನ ಗಂಟಲಿಗೆ ಬಂದರೆ ಅದು ಗೋಳು. ಗೋಳು ಕೇಳುವವನೊಬ್ಬ ಇದ್ದಾನೆಂಬ ನೆಚ್ಚಿಕೆ ಸೇರಿದರೆ ‘ಮೊರೆಯಿಡು’.

ಭಾಗವತದ 8ನೆಯ ಸ್ಕಂಧದ ಗಜೇಂದ್ರನೆಂಬ ಆನೆಯನ್ನು ನೆನೆಯಿರಿ. ಮೊಸಳೆ ಕಾಲು ಹಿಡಿದು ಸಾವಿರ ವರ್ಷ. ಹಿಂಡಿನ ಆನೆಗಳು ಎಳೆದು ಸೋತವು, ಸ್ವಂತ ಬಲವೂ ಉಡುಗಿತು. ಆಗ ಸೊಂಡಿಲಲ್ಲಿ ತಾವರೆಯೊಂದನ್ನು ಎತ್ತಿ ಹಿಡಿದು ದೇವರಿಗೆ ಮೊರೆಯಿಟ್ಟಿತು. ಮುಳುಗುವ ಹೊತ್ತಿನಲ್ಲೂ ಹೂವೆತ್ತಿದ ಆ ನಂಬಿಕೆಗೆ ನನ್ನ ಕಣ್ಣು ಪ್ರತಿಸಲವೂ ತೇವವಾಗುತ್ತದೆ.

ಈಗ ಜನ ಕೋರ್ಟಿನ ‘ಮೊರೆ ಹೋಗು’ತ್ತಾರೆ. ಆದರೂ ಆಸ್ಪತ್ರೆಯ ಬಾಗಿಲಲ್ಲಿ ಇರುಳೆಲ್ಲ ಕೂತ ತಾಯಿ ಅನ್ನುವುದು ಹಳೆಯ ಮಾತನ್ನೇ: “ನನ್ನ ಮೊರೆ ಕೇಳಪ್ಪಾ, ತಂದೇ.”