ಎರೆಭೂತ ಉಳಿಯಬೇಕಾದರೆ ಎರಿ ಹೊಲದ ರೈತನೂ ಉಳಿಯಬೇಕು

ಎರೆಭೂತ ಅಂದರೆ ದೆವ್ವದ ಕಥೆ ಎನಿಸಬಹುದು. ಆದರೆ ಇದು ನಮ್ಮ ಎರಿ ಭೂಮಿಯ ಹಕ್ಕಿ. ಹೆಬ್ಬಕ ಎಂದೂ ಕರೆಯುತ್ತಾರೆ. ಇಂಗ್ಲಿಷಿನವರು ಇಟ್ಟ ಹೆಸರು ಗ್ರೇಟ್ ಇಂಡಿಯನ್ ಬಸ್ಟರ್ಡ್. ಸುಮಾರು ಒಂದು ಮೀಟರ್ ಎತ್ತರ ಇರುತ್ತದೆ, ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತದೆ. ಇಡೀ ದೇಶದಲ್ಲಿ ಈಗ ಉಳಿದಿರುವುದು ಸುಮಾರು 150 ಮಾತ್ರ. ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನಲ್ಲಿ ಬೆರಳೆಣಿಕೆಯಷ್ಟು ಕಂಡಿವೆ.

ಈ ಹಕ್ಕಿಗೆ ದಟ್ಟ ಕಾಡು ಬೇಡ. ಜೋಳ, ಶೇಂಗಾ ಹೊಲ, ಬೀಳು ಭೂಮಿ, ಹುಲ್ಲಿನ ಬಯಲು ಸಾಕು. ಮಿಡತೆ, ಹುಳು, ಕಾಳು ತಿಂದು ಬದುಕುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಮಳೆ ನಂಬಿ ಬಿತ್ತುವ ರೈತ ಮತ್ತು ಕುರಿ ಮೇಯಿಸುವವರ ನಡುವೆಯೇ ಇದು ನೂರಾರು ವರ್ಷ ಬಾಳಿತು.

ಮೊದಲ ಪೆಟ್ಟು ಬಿದ್ದದ್ದು ಬಂದೂಕಿನಿಂದ. 1809ರಿಂದ 1829ರ ನಡುವೆ ಅಹಮದ್‌ನಗರ ಭಾಗದಲ್ಲಿ ಒಬ್ಬನೇ ಬ್ರಿಟಿಷ್ ಶಿಕಾರಿ 961 ಹಕ್ಕಿಗಳನ್ನು ಹೊಡೆದಿದ್ದ. ಆಮೇಲೆ ಜೀಪು ಬಂದಿತು, ಶಿಕಾರಿ ಇನ್ನೂ ಸಲೀಸಾಯಿತು.

ಎರಡನೆಯ ಬದಲಾವಣೆ ನೀರಿನದು. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಯಿತು. ಎಡದಂಡೆ ಕಾಲುವೆಯ ನೀರು ಬಂದಮೇಲೆ ಸಿಂಧನೂರಿನ ಜೋಳದ ಹೊಲಗಳು ಗದ್ದೆಗಳಾದವು. ಕ್ಯಾಂಪುಗಳು ಎದ್ದವು, ರೈಸ್ ಮಿಲ್ಲುಗಳು ಬಂದವು. ಬರ ಕಂಡ ಜನಕ್ಕೆ ಅದು ಅನ್ನದ ದಾರಿ. ಅದನ್ನು ತಪ್ಪು ಅನ್ನಲಾಗದು. ಆದರೆ ನೀರು ನಿಂತ ಗದ್ದೆಯಲ್ಲಿ ಎರೆಭೂತ ಮೊಟ್ಟೆ ಇಡಲಾರದು.

ರಕ್ಷಣೆಯ ಹೆಸರಿನಲ್ಲಿ ಆದ ಕೆಲಸಗಳನ್ನೂ ನೋಡಬೇಕು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರ್ ಕೃಷ್ಣಮೃಗ ಧಾಮವಾಯಿತು. ಅಲ್ಲಿ ಎರೆಭೂತವೂ ಇತ್ತು. ಆದರೆ ಹುಲ್ಲಿನ ಬಯಲನ್ನು ಬಂಜರು ಎಂದು ತಿಳಿದು ನೀಲಗಿರಿ ಗಿಡ ಬೆಳೆಸಿದ್ದರು. ಕೃಷ್ಣಮೃಗಗಳು ಹೆಚ್ಚಿ ಸುತ್ತಲಿನ ಬೆಳೆಗೆ ನುಗ್ಗಿದವು, ಎರೆಭೂತ ಮಾಯವಾಯಿತು.

ನಮಗೆ ಹತ್ತಿರದ ಸೊಲ್ಲಾಪುರದ ಕಥೆ ಬೇರೆ. 1979ರಲ್ಲಿ ಆ ಭಾಗದ 8,496 ಚದರ ಕಿಲೋಮೀಟರ್ ಪ್ರದೇಶವನ್ನು ಈ ಹಕ್ಕಿಯ ಧಾಮವೆಂದು ಘೋಷಿಸಿದರು. ಊರು, ಹೊಲ ಎಲ್ಲ ಅದರೊಳಗೇ ಬಂದವು. ಭೂಮಿ ಮಾರಾಟಕ್ಕೆ ತೊಡಕು ಬಂದಿತು. ಮಗಳ ಮದುವೆಗೆ ಎರಡು ಎಕರೆ ಮಾರಲಾಗದ ರೈತನಿಗೆ ಆ ಹಕ್ಕಿಯ ಮೇಲೆ ಪ್ರೀತಿ ಎಲ್ಲಿಂದ ಬರಬೇಕು? ಕೊನೆಗೆ ಧಾಮವನ್ನು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು. ಮಧ್ಯಪ್ರದೇಶದ ಕರೇರಾದಲ್ಲಿ 1981ರಲ್ಲಿ ಇದೇ ಬಗೆಯ ಧಾಮ ಮಾಡಿದರು. ಜನ ಸಿಟ್ಟಾದರು, 1990ರ ದಶಕದಲ್ಲಿ ಹಕ್ಕಿಯೂ ಅಲ್ಲಿಂದ ಕಣ್ಮರೆಯಾಯಿತು.

ಈಗ ಹೊಸ ಅಪಾಯ ವಿದ್ಯುತ್ ತಂತಿ. ಭಾರದ ಮೈ, ಮುಂದಿನದು ಸರಿಯಾಗಿ ಕಾಣದ ಕಣ್ಣು. ತಂತಿ ಹತ್ತಿರ ಬಂದಾಗ ಹಕ್ಕಿ ತಿರುಗಲಾರದು. 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತಿನ ತಂತಿಗಳ ಬಗ್ಗೆ ಆದೇಶ ಕೊಟ್ಟಿತು, 2024ರಲ್ಲಿ ಅದನ್ನು ಬದಲಿಸಿತು. ಸೋಲಾರ್, ಗಾಳಿ ವಿದ್ಯುತ್ತಿಗೆಂದು ನಮ್ಮ ಎರಿ ಭೂಮಿಯ ಮೇಲೂ ತಂತಿ ಎಳೆಯುವಾಗ ಈ ಮಾತು ನೆನಪಿರಬೇಕು.

ಮಸ್ಕಿ, ಲಿಂಗಸುಗೂರಿನ ಎಷ್ಟೋ ಹೊಲಗಳು ಇಂದಿಗೂ ಮಳೆಯನ್ನೇ ನಂಬಿವೆ. ಮಸ್ಕಿ ಭಾಗದ ರೈತರು 5ಎ ಕಾಲುವೆಗಾಗಿ ಧರಣಿ ಕೂತದ್ದು ನಿಮಗೆ ಗೊತ್ತೇ ಇದೆ. ಹಕ್ಕಿಗಾಗಿ ನೀರು ಕೇಳಬೇಡಿ ಎಂದು ಅವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಜೋಳಕ್ಕೆ, ಸಜ್ಜೆಗೆ ಗಟ್ಟಿ ಬೆಲೆ ಸಿಕ್ಕರೆ, ಬೀಳು ಬಿಟ್ಟ ಹೊಲಕ್ಕೆ ವರ್ಷಕ್ಕೆ ಇಷ್ಟು ಎಂದು ಹಣ ಕೊಟ್ಟರೆ, ಜಿಂಕೆ ತಿಂದ ಬೆಳೆಯ ಪರಿಹಾರ ಅಲೆದಾಡಿಸದೆ ಕೈಗೆ ಬಂದರೆ, ಒಣಬೇಸಾಯವನ್ನು ಬಿಡದೆ ಇರುವವರು ಇದ್ದೇ ಇದ್ದಾರೆ.

ಧಾಮದ ಗೆರೆ ಎಳೆಯುವ ಮೊದಲು ಗ್ರಾಮಸಭೆಯಲ್ಲಿ ಕೂತು ಮಾತಾಡಬೇಕು. ಸೊಲ್ಲಾಪುರ, ಕರೇರಾ ಕಲಿಸಿದ ಪಾಠ ಅದು.