ನಾಳೆಯ ತೋಳು: ಅಮೆರಿಕದ ಬೇಸ್‌ಬಾಲ್‌ನಲ್ಲಿ ಎಳೆಯ ಪಿಚರ್‌ಗಳನ್ನು ಅಳೆದ ಬಗೆ

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಎರಡು ಅಂತಸ್ತುಗಳಿವೆ: ಮೇಲಿನದು 30 ತಂಡಗಳ ಮೇಜರ್ ಲೀಗ್, ಕೆಳಗಿನದು ಸಣ್ಣ ಊರುಗಳ ತಂಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಎಳೆಯ ಆಟಗಾರರನ್ನು ಪಳಗಿಸಿ ಮೇಲಕ್ಕೆ ಕಳಿಸುವ ಮೈನರ್ ಲೀಗ್. ಈ ಕೆಳಗಿನ ಅಂತಸ್ತಿನಲ್ಲಿ ಆಡುವವರಲ್ಲಿ ಹೆಚ್ಚಿನವರು ಮೇಜರ್ ಲೀಗಿನ ಒಂದು ಪಂದ್ಯವನ್ನೂ ಆಡದೆಯೇ ನಿವೃತ್ತರಾಗುವುದರಿಂದ, ಯಾರು ಮೇಲೇರಬಲ್ಲರೆಂದು ಮುಂಚಿತವಾಗಿ ಗುರುತಿಸುವುದೇ ಒಂದು ಪ್ರತ್ಯೇಕ ಕಸುಬಾಗಿ ಬೆಳೆಯಿತು. ಊರೂರು ಅಲೆದು ಆಟಗಾರರನ್ನು ನೋಡಿ ವರದಿ ಬರೆಯುವ ಈ ಕಸುಬಿನವರನ್ನು ಸ್ಕೌಟ್ ಎಂದು ಕರೆಯುತ್ತಾರೆ. ಅವರ ತೀರ್ಮಾನಗಳು ಅತಿ ಹೆಚ್ಚು ಎಡವಿದ್ದು ಪಿಚರ್‌ನ ವಿಷಯದಲ್ಲಿ, ಅಂದರೆ 60 ಅಡಿ 6 ಅಂಗುಲ ದೂರದಿಂದ ದಾಂಡಿಗನತ್ತ ಚೆಂಡೆಸೆಯುವವನ ವಿಷಯದಲ್ಲಿ. ಪ್ರತಿ ತಲೆಮಾರಿನಲ್ಲೂ ಹೊಸದೊಂದು ಅಳತೆಗೋಲು ಬಂದು ಆತನ ಇಂದಿನ ಎಸೆತವನ್ನು ಮೊದಲಿಗಿಂತ ನಿಖರವಾಗಿ ಅಳೆದುಕೊಟ್ಟಿತು. ಆದರೆ ಕೇಳಲಾಗುತ್ತಿದ್ದ ಪ್ರಶ್ನೆ ಆತನ ನಾಳೆಯದಾಗಿತ್ತು, ಮತ್ತು ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ಎರಡನೆಯದಕ್ಕೂ ಉತ್ತರವೆಂದು ನಂಬಿದ್ದರ ಬೆಲೆಯನ್ನು ತೆತ್ತವರು ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗರು.

ಆರಂಭದಲ್ಲಿ ಅಳತೆಗೋಲು ಎಂಬುದು ಮಾರುಕಟ್ಟೆಯೇ ಆಗಿತ್ತು. 1901ರಲ್ಲಿ ಮೈನರ್ ಲೀಗ್‌ಗಳು ತಮ್ಮದೇ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡಾಗ ಅವುಗಳ ತಂಡಗಳು ಸ್ವತಂತ್ರ ವ್ಯಾಪಾರಗಳಾಗಿದ್ದವು. ಒಳ್ಳೆಯ ಆಟಗಾರನನ್ನು ಬೆಳೆಸಿ ಮೇಜರ್ ಲೀಗ್ ತಂಡಕ್ಕೆ ಮಾರುವುದು ಅವುಗಳ ಆದಾಯದ ದೊಡ್ಡ ಮೂಲವಾಗಿತ್ತು. ಬಾಲ್ಟಿಮೋರ್ ತಂಡದ ಒಡೆಯ ಜಾಕ್ ಡನ್ ಎಡಗೈ ಪಿಚರ್ ಲೆಫ್ಟಿ ಗ್ರೋವ್‌ನನ್ನು 1920ರಿಂದ 1924ರವರೆಗೆ ತನ್ನಲ್ಲೇ ಉಳಿಸಿಕೊಂಡು, ಕೊನೆಗೆ 1,00,600 ಡಾಲರ್‌ಗೆ ಫಿಲಡೆಲ್ಫಿಯಾದ ಅಥ್ಲೆಟಿಕ್ಸ್ ತಂಡಕ್ಕೆ ಮಾರಿದ. ಗ್ರೋವ್‌ನ ಸಾಮರ್ಥ್ಯದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಮೇಜರ್ ಲೀಗ್ ಪಿಚರ್‌ಗಿಂತ ಆತ ಕಡಿಮೆಯವನಲ್ಲವೆಂದು ತಿಳಿದೂ ಐದು ಋತು ಕೆಳಗಿನ ಅಂತಸ್ತಿನಲ್ಲೇ ಇರಿಸಿದ್ದು ಒಡೆತನದ ಹಕ್ಕು. ಹೀಗಿದ್ದೂ 1925ರ ತನ್ನ ಮೊದಲ ಮೇಜರ್ ಲೀಗ್ ಋತುವಿನಲ್ಲಿ ಆತ ಸೋತ ಪಂದ್ಯಗಳೇ ಗೆದ್ದವಕ್ಕಿಂತ ಹೆಚ್ಚಾಗಿದ್ದವು. ಮುಂದೆ ಒಟ್ಟು 300 ಪಂದ್ಯಗಳನ್ನು ಗೆದ್ದುಕೊಟ್ಟವನ ಆರಂಭ ಹೀಗಿತ್ತೆಂಬುದನ್ನು, ಮೊದಲ ವರ್ಷದ ಅಂಕಿಗಳನ್ನು ನೋಡಿ ತೀರ್ಪು ಕೊಡಲು ಹೊರಟವರು ನೆನಪಿಡಬೇಕಾಗಿತ್ತು.

ಈ ವ್ಯಾಪಾರದ ಸ್ವರೂಪವನ್ನು ಬದಲಿಸಿದವನು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರ್ಯಾಂಚ್ ರಿಕಿ. ಸಿದ್ಧ ಆಟಗಾರರನ್ನು ಕೊಳ್ಳುವಷ್ಟು ಹಣ ಆ ತಂಡದಲ್ಲಿ ಇಲ್ಲದಿದ್ದುದರಿಂದ ಆತ 1920ರ ದಶಕದಲ್ಲಿ ಸಣ್ಣ ತಂಡಗಳನ್ನೇ ಕೊಂಡು, ಅಲ್ಲಿ ನೂರಾರು ಹುಡುಗರನ್ನು ಕಡಿಮೆ ಸಂಬಳಕ್ಕೆ ಸೇರಿಸಿ, ಪೈರಿನಂತೆ ಬೆಳೆಸಿ ಕೊಯ್ಲು ಮಾಡುವ ಕ್ರಮವನ್ನು ರೂಪಿಸಿದ. ಅದಕ್ಕೆ ಫಾರ್ಮ್ ವ್ಯವಸ್ಥೆ ಎಂಬ ಹೆಸರೇ ನಿಂತಿತು. 1930ರ ದಶಕದ ಕೊನೆಗೆ ಅವನ ಹಿಡಿತದಲ್ಲಿ ಮೂವತ್ತಕ್ಕೂ ಹೆಚ್ಚು ತಂಡಗಳಿದ್ದವು. ಸಂಖ್ಯೆ ಸಾಕಷ್ಟು ದೊಡ್ಡದಾದರೆ ಗುಣ ಅದರಲ್ಲೇ ಹೊರಬರುತ್ತದೆಂಬ ಈ ನಂಬಿಕೆ ತಂಡಕ್ಕೆ ಲಾಭದಾಯಕವಾಯಿತು, ಏಕೆಂದರೆ ಪ್ರತಿಯೊಬ್ಬ ಹುಡುಗನ ಬಗ್ಗೆ ಸರಿಯಾದ ತೀರ್ಪು ಕೊಡುವ ಹೊಣೆ ಅದಕ್ಕೆ ಉಳಿಯಲಿಲ್ಲ; ಆದರೆ ಆ ಸಂಖ್ಯೆಯೊಳಗೆ ವರ್ಷಗಟ್ಟಲೆ ಸಿಕ್ಕಿಕೊಂಡವರಿಗೆ ಬೇರೆ ತಂಡವನ್ನು ಹುಡುಕುವ ಸ್ವಾತಂತ್ರ್ಯವೂ ಇರಲಿಲ್ಲ. 1938ರಲ್ಲಿ ಬೇಸ್‌ಬಾಲ್ ಆಯುಕ್ತ ಕೆನೆಸಾ ಮೌಂಟನ್ ಲ್ಯಾಂಡಿಸ್ ಆ ಜಾಲದ ಎಪ್ಪತ್ತಕ್ಕೂ ಹೆಚ್ಚು ಆಟಗಾರರನ್ನು ಬಂಧಮುಕ್ತಗೊಳಿಸಿದ್ದು ಈ ಕಾರಣಕ್ಕೇ.

ಕಣ್ಣಂದಾಜಿನ ಆ ಕಾಲದಲ್ಲಿ ಸ್ಕೌಟ್‌ಗಳು ಎಲ್ಲಕ್ಕಿಂತ ಹೆಚ್ಚಾಗಿ ಹುಡುಕುತ್ತಿದ್ದುದು ವೇಗವನ್ನು, ಏಕೆಂದರೆ ಉಳಿದದ್ದನ್ನೆಲ್ಲ ಕಲಿಸಬಹುದು, ವೇಗವನ್ನು ಕಲಿಸಲಾಗದು ಎಂಬುದು ಆ ಕಸುಬಿನ ಗಟ್ಟಿ ನಂಬಿಕೆಯಾಗಿತ್ತು. ಆ ನಂಬಿಕೆಯ ಮಿತಿಯನ್ನು ಸ್ಟೀವ್ ಡಲ್ಕೋವ್‌ಸ್ಕಿಯಷ್ಟು ಸ್ಪಷ್ಟವಾಗಿ ತೋರಿಸಿದ ಪಿಚರ್ ಇನ್ನೊಬ್ಬನಿಲ್ಲ. 1957ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಸೇರಿದ, ಎತ್ತರದಲ್ಲಾಗಲಿ ಮೈಕಟ್ಟಿನಲ್ಲಾಗಲಿ ಅಸಾಧಾರಣನಲ್ಲದ ಈ ಎಡಗೈ ಹುಡುಗನ ಎಸೆತವನ್ನು ಕಂಡವರು ಅಂಥ ವೇಗವನ್ನು ಮತ್ತೆಲ್ಲೂ ಕಂಡಿಲ್ಲವೆಂದೇ ಹೇಳುತ್ತಿದ್ದರು. ಆದರೆ ಚೆಂಡು ಎಲ್ಲಿಗೆ ಹೋಗುವುದೆಂಬುದು ಅವನ ಕೈಯಲ್ಲಿರಲಿಲ್ಲ. ದಾಂಡಿಗನನ್ನು ಮೂರು ಸ್ಟ್ರೈಕ್‌ಗಳಿಂದ, ಅಂದರೆ ಅವನು ಹೊಡೆಯಲಾರದ ಅಥವಾ ನಿಗದಿತ ವಲಯದೊಳಗೆ ಬಂದರೂ ಹೊಡೆಯದೆ ಬಿಟ್ಟ ಮೂರು ಎಸೆತಗಳಿಂದ, ಔಟ್ ಮಾಡುವುದು ಸ್ಟ್ರೈಕ್‌ಔಟ್. ನಿಗದಿತ ವಲಯದ ಹೊರಗೆ ನಾಲ್ಕು ಬಾರಿ ಎಸೆದು ದಾಂಡಿಗನಿಗೆ ಮೊದಲ ಬೇಸನ್ನು ಬಿಟ್ಟಿಯಾಗಿ ಕೊಡುವುದು ವಾಕ್. 1960ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ತಂಡದ ಪರ 170 ಇನಿಂಗ್ಸ್ ಎಸೆದ ಡಲ್ಕೋವ್‌ಸ್ಕಿ 262 ಸ್ಟ್ರೈಕ್‌ಔಟ್ ಪಡೆದ, ಅಷ್ಟೇ, ಅಂದರೆ 262 ವಾಕ್‌ಗಳನ್ನೂ ಕೊಟ್ಟ. 1958ರಲ್ಲಿ ಅವನನ್ನು ಅಬರ್ಡೀನ್‌ನ ಸೇನಾ ಪರೀಕ್ಷಾ ಕ್ಷೇತ್ರಕ್ಕೆ ಕರೆದೊಯ್ದು ಅಳೆದಾಗ ಗಂಟೆಗೆ ಸುಮಾರು 93.5 ಮೈಲಿ ದಾಖಲಾಯಿತು. ಆದರೆ ಪಿಚರ್ ನಿಂತು ಎಸೆಯುವ ದಿಬ್ಬ ಅಲ್ಲಿರಲಿಲ್ಲ, ಹಿಂದಿನ ದಿನವಷ್ಟೇ ಆತ ಪಂದ್ಯ ಆಡಿದ್ದ, ಮತ್ತು ಉಪಕರಣದ ಕಿರಿದಾದ ಕಿಂಡಿಯೊಳಗೆ ಚೆಂಡನ್ನು ತೂರಿಸಲು ಆತ ಬಹಳ ಹೊತ್ತು ಹೆಣಗಿದ್ದ. ಆ ಅಂಕಿ ಅವನ ನಿಜವಾದ ವೇಗವನ್ನು ಹೇಳುತ್ತದೆಂದು ಒಪ್ಪಲು ಯಾವ ಕಾರಣವೂ ಇಲ್ಲ.

1962ರಲ್ಲಿ ಎಲ್ಮೈರಾ ತಂಡದಲ್ಲಿ ಮ್ಯಾನೇಜರ್ ಅರ್ಲ್ ವೀವರ್ ಈ ಹುಡುಗನಿಗೆ ಸಲಹೆಗಳ ರಾಶಿ ಸುರಿಯುವುದನ್ನು ನಿಲ್ಲಿಸಿ, ಕಲಿಯಬೇಕಾದ್ದನ್ನು ತೀರ ಸರಳಗೊಳಿಸಿದ. ಆ ವರ್ಷ ವಾಕ್‌ಗಳು ಗಣನೀಯವಾಗಿ ಇಳಿದವು. ಐದು ವರ್ಷ ಅವನನ್ನು ಅಳೆದವರಲ್ಲಿ ಬಹುತೇಕರು ತೋಳನ್ನಷ್ಟೇ ನೋಡಿದ್ದರು. ಆ ತೋಳಿನ ಒಡೆಯನಿಗೆ ಯಾವ ಮಾತು ಅರ್ಥವಾದೀತೆಂದು ಯೋಚಿಸಿದ್ದೇ ವೀವರ್‌ನ ಹೆಚ್ಚುಗಾರಿಕೆ, ಮತ್ತು ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ವಿವೇಕದ ಮೌಲ್ಯಮಾಪನ ವಿರಳ. 1963ರ ಮಾರ್ಚ್‌ನಲ್ಲಿ ಮೇಜರ್ ಲೀಗ್ ತಂಡದಲ್ಲಿ ಸ್ಥಾನ ಖಚಿತವೆನ್ನುವ ಹೊತ್ತಿಗೆ, ಅಭ್ಯಾಸ ಪಂದ್ಯವೊಂದರಲ್ಲಿ ಡಲ್ಕೋವ್‌ಸ್ಕಿಯ ತೋಳಿಗೆ ಪೆಟ್ಟಾಯಿತು. ಆ ವೇಗ ಮರಳಲಿಲ್ಲ. ಮೇಜರ್ ಲೀಗ್‌ನಲ್ಲಿ ಆತ ಒಂದು ಎಸೆತವನ್ನೂ ಎಸೆಯಲಿಲ್ಲ.

ಎರಡು ವರ್ಷಗಳ ಬಳಿಕ, 1965ರಲ್ಲಿ, ಶಾಲೆ ಕಾಲೇಜುಗಳ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಪದ್ಧತಿ ಬಂದಿತು. 1970ರ ದಶಕದ ನಡುವೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತರಬೇತುದಾರ ಡ್ಯಾನಿ ಲಿಟ್‌ವೈಲರ್, ಪೊಲೀಸರು ವಾಹನಗಳ ವೇಗ ಹಿಡಿಯಲು ಬಳಸುತ್ತಿದ್ದ ರಾಡಾರ್ ಗನ್ನನ್ನು ಬೇಸ್‌ಬಾಲ್‌ಗೆ ಒಗ್ಗಿಸಿದ. ಕಣ್ಣಂದಾಜಿನ ಜಾಗಕ್ಕೆ ಅಂಕಿ ಬಂದಿತು, ಮತ್ತು ಸ್ಕೌಟ್‌ನ ವರದಿಯಲ್ಲಿ ಆ ಅಂಕಿಯ ತೂಕ ಉಳಿದೆಲ್ಲ ಮಾತುಗಳಿಗಿಂತ ಹೆಚ್ಚಾಯಿತು. ಎತ್ತರದ, ವೇಗದ ಬಲಗೈ ಹುಡುಗ ಮುಂದಿನ ಸಾಲಿನಲ್ಲಿ ನಿಂತ. ಆದರೆ 1984ರ ಡ್ರಾಫ್ಟ್‌ನಲ್ಲಿ ಎರಡನೆಯ ಸುತ್ತಿನವರೆಗೆ ಕಾಯಬೇಕಾದ ಸಣಕಲು ಗ್ರೆಗ್ ಮ್ಯಾಡಕ್ಸ್ ಮುಂದೆ 355 ಪಂದ್ಯಗಳನ್ನು ಗೆದ್ದದ್ದು ವೇಗದಿಂದಲ್ಲ, ಗುರಿಯಿಟ್ಟ ಜಾಗಕ್ಕೇ ಚೆಂಡನ್ನು ಎಸೆಯುವ ಹಿಡಿತದಿಂದ.

ಅಂಕಿಗಳನ್ನು ನಂಬುವುದೂ ನಂಬದಿರುವುದೂ ಎಷ್ಟು ಕಷ್ಟವೆಂಬುದಕ್ಕೆ 1987ರ ಆಗಸ್ಟ್‌ನ ಒಂದು ವಿನಿಮಯ ಸಾಕ್ಷಿ. ಪ್ರಶಸ್ತಿಯ ಹಾದಿಯಲ್ಲಿದ್ದ ಡೆಟ್ರಾಯಿಟ್ ಟೈಗರ್ಸ್ ತಂಡ ಅನುಭವಿ ಪಿಚರ್ ಡಾಯ್ಲ್ ಅಲೆಕ್ಸಾಂಡರ್‌ನನ್ನು ಪಡೆಯಲು, ಗ್ಲೆನ್ಸ್ ಫಾಲ್ಸ್‌ನಲ್ಲಿ ಆಡುತ್ತಿದ್ದ ಇಪ್ಪತ್ತರ ಜಾನ್ ಸ್ಮೋಲ್ಟ್ಸ್‌ನನ್ನು ಅಟ್ಲಾಂಟಾ ತಂಡಕ್ಕೆ ಬಿಟ್ಟುಕೊಟ್ಟಿತು. ಗ್ಲೆನ್ಸ್ ಫಾಲ್ಸ್ ಇದ್ದುದು ಡಬಲ್ ಎ ದರ್ಜೆಯಲ್ಲಿ, ಅಂದರೆ ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗೆ. ಅಲ್ಲಿ ಆತ 4 ಪಂದ್ಯ ಗೆದ್ದು 10 ಸೋತಿದ್ದ, ಮತ್ತು ಪ್ರತಿ ಒಂಬತ್ತು ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ಓಟಗಳನ್ನು ಲೆಕ್ಕ ಹಾಕುವ ಸರಾಸರಿ ಐದೂವರೆ ದಾಟಿತ್ತು. ಅಲೆಕ್ಸಾಂಡರ್ ಆ ಋತುವಿನಲ್ಲಿ ಟೈಗರ್ಸ್ ಪರ 9 ಪಂದ್ಯ ಗೆದ್ದು ಒಂದನ್ನೂ ಸೋಲದೆ ತಂಡವನ್ನು ವಿಭಾಗದ ಅಗ್ರಸ್ಥಾನಕ್ಕೆ ಒಯ್ದ. ಸ್ಮೋಲ್ಟ್ಸ್ ಅಟ್ಲಾಂಟಾದಲ್ಲಿ ಎರಡು ದಶಕ ಆಡಿ 2015ರಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದ. ಟೈಗರ್ಸ್ ತಂಡದವರನ್ನು ಮೂರ್ಖರೆನ್ನುವುದು ಸುಲಭ, ಆದರೆ ನ್ಯಾಯವಲ್ಲ: ಅವರಿಗೆ ಬೇಕಾದ ಇಂದು ಅವರಿಗೆ ಸಿಕ್ಕಿತ್ತು. ಕೆಟ್ಟ ಅಂಕಿಗಳ ಹಿಂದೆ ಒಳ್ಳೆಯ ತೋಳನ್ನು ಕಂಡ ಅಟ್ಲಾಂಟಾಕ್ಕೆ ಕಾಯುವ ಅವಕಾಶವಿತ್ತು, ಮತ್ತು ಎಳೆಯ ಪಿಚರ್‌ನ ಅದೃಷ್ಟವನ್ನು ಆತನ ಕೈಚಳಕದಷ್ಟೇ ಆತನ ತಂಡದ ತಾಳ್ಮೆಯೂ ತೀರ್ಮಾನಿಸುತ್ತದೆ.

2001ರಲ್ಲಿ ವೊರೋಸ್ ಮೆಕ್‌ಕ್ರಾಕೆನ್ ಮಂಡಿಸಿದ ವಾದ ಹಳೆಯ ಸರಾಸರಿಗಳ ಬುಡವನ್ನೇ ಅಲುಗಿಸಿತು: ದಾಂಡಿಗ ಚೆಂಡನ್ನು ಹೊಡೆದು ಅದು ಮೈದಾನದೊಳಗೆ ಬಿದ್ದ ಮೇಲೆ ಏನಾಗುತ್ತದೆಂಬುದರ ಮೇಲೆ ಪಿಚರ್‌ಗೆ ಇರುವ ಹಿಡಿತ ಅಲ್ಪ, ಅವನ ಸ್ವಂತ ಗುಣ ಕಾಣುವುದು ಸ್ಟ್ರೈಕ್‌ಔಟ್, ವಾಕ್ ಮತ್ತು ಚೆಂಡು ಮೈದಾನದಾಚೆ ಹೋಗುವ ಹೋಮ್ ರನ್‌ಗಳಲ್ಲಿ. ಮುಂದೆ ಕ್ಯಾಮೆರಾ ಮತ್ತು ರಾಡಾರ್‌ಗಳು ಚೆಂಡಿನ ಸುತ್ತುವಿಕೆ, ತಿರುವು, ಕೈಬಿಡುವ ಬಿಂದುಗಳನ್ನೂ ಲೆಕ್ಕಕ್ಕೆ ತಂದವು. ಅಂಕಿಯ ಮೇಲಿನ ಈ ಭರವಸೆ ಭಾರತವನ್ನೂ ಮುಟ್ಟಿತು: 2008ರಲ್ಲಿ ವೇಗವಾಗಿ ಎಸೆಯಬಲ್ಲವರನ್ನು ಹುಡುಕಲು ಇಲ್ಲಿ ನಡೆದ ಸ್ಪರ್ಧೆಯಿಂದ ಆಯ್ಕೆಯಾದ, ಬೇಸ್‌ಬಾಲನ್ನೇ ಆಡದಿದ್ದ ಉತ್ತರಪ್ರದೇಶದ ಜಾವೆಲಿನ್ ಪಟುಗಳಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಪಿಟ್ಸ್‌ಬರ್ಗ್ ಪೈರೇಟ್ಸ್ ಜತೆ ಒಪ್ಪಂದಕ್ಕೆ ಸಹಿ ಹಾಕಿದರು. ರಿಂಕು ಮೈನರ್ ಲೀಗ್‌ನಲ್ಲಿ ಕೆಲವು ಋತು ಆಡಿದ. ಬಳಿಕ ಗಾಯಗಳು ಆತನನ್ನು ತಡೆದವು.

ಗಾಯದ ಮಾತು ಈ ಚರಿತ್ರೆಯ ಅಂಚಿನದಲ್ಲ, ನಡುವಿನದು. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಪಿಚರ್ ಟಾಮಿ ಜಾನ್‌ನ ಎಡ ಮೊಣಕೈಯ ಹರಿದ ಅಸ್ಥಿಬಂಧದ ಜಾಗದಲ್ಲಿ ಬಲ ಮುಂಗೈಯ ಸ್ನಾಯುರಜ್ಜುವನ್ನು ಕೂಡಿಸಿದ. 1976ರಲ್ಲಿ ಆಟಕ್ಕೆ ಮರಳಿದ ಜಾನ್, ಶಸ್ತ್ರಚಿಕಿತ್ಸೆಗೆ ಮುಂಚೆ ಗೆದ್ದದ್ದಕ್ಕಿಂತ ಹೆಚ್ಚು ಪಂದ್ಯಗಳನ್ನು ಅದರ ನಂತರ ಗೆದ್ದ. ಒಮ್ಮೆ ಅಪೂರ್ವವಾಗಿದ್ದ ಆ ಚಿಕಿತ್ಸೆ ಇಂದು ಶಾಲಾ ಹುಡುಗರಿಗೂ ನಡೆಯುತ್ತಿದೆ. ಮೇಜರ್ ಲೀಗ್ ಸಂಸ್ಥೆಯೇ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿ, ನೇರ ವೇಗದ ಎಸೆತವಾದ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 2024ರಲ್ಲಿ 94.2ಕ್ಕೆ ಏರಿದ್ದನ್ನು ಗುರುತಿಸಿ, ವೇಗದ ಈ ಬೆನ್ನುಹತ್ತುವಿಕೆಯನ್ನು ಗಾಯಗಳ ಏರಿಕೆಗೆ ಮುಖ್ಯ ಕಾರಣಗಳಲ್ಲಿ ಒಂದೆಂದು ಹೇಳಿತು. ಸ್ಕೌಟ್‌ಗಳು ಯಾವುದಕ್ಕೆ ಹೆಚ್ಚು ಅಂಕ ಕೊಡುತ್ತಾರೋ ಹುಡುಗರು ಅದನ್ನೇ ಅಭ್ಯಾಸ ಮಾಡುತ್ತಾರೆ. ಹಾಗಾಗಿ ಹದಿನೈದರ ವಯಸ್ಸಿಗೇ ತೋಳಿನ ಪೂರ್ಣ ಬಲವನ್ನು ಪ್ರತಿ ಎಸೆತಕ್ಕೂ ಹಾಕುವವನನ್ನು ರೂಪಿಸಿದ್ದರಲ್ಲಿ ಅವನನ್ನು ಅಳೆಯಲು ಬಂದವರ ಪಾಲೂ ಇದೆ.