ಟಿವಿ ಫ್ಯೂಸ್ ದೋಷ, ಕೊಪ್ಪಳ ಸೀಮೆಯಲ್ಲಿ

ಟಿವಿ ಸೆಟ್ಟಿನೊಳಗಿನ ಗಾಜಿನ ಫ್ಯೂಸ್, ಇಲ್ಲವೇ ಅದಕ್ಕೆ ಕರೆಂಟ್ ಕೊಡುವ ಮನೆಯ ಬೋರ್ಡಿನ ಫ್ಯೂಸ್, ಹೊಸದು ಹಾಕಿದಷ್ಟೂ ಸುಟ್ಟುಹೋಗುವ ದೋಷ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ರಿಪೇರಿ ಅಂಗಡಿಗೆ ‘ಫ್ಯೂಜ್ ಹಾರೈತಿ’ ಎಂದು ಬರುವ ಕೆಲವು ಸೆಟ್ಟುಗಳ ರೋಗ ಒಳಗಿರುತ್ತದೆ; ಕೆಲವುಗಳದ್ದು ಬೀದಿಯ ಕಂಬದಲ್ಲಿರುತ್ತದೆ. ಯಾವುದು ಎಲ್ಲಿಯದೆಂದು ತಿಳಿಯದೆ ಫ್ಯೂಸ್ ಬದಲಿಸುತ್ತ ಹೋಗುವುದು ದುಡ್ಡಿನ ದಂಡ.

ಈ ಸೀಮೆಗೆ ಟಿವಿ ಬಂದದ್ದು ಬೆಂಗಳೂರಿಗಿಂತ ಮೊದಲು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಉಪಗ್ರಹ ಟಿವಿ ಪ್ರಯೋಗಕ್ಕೆ ಕರ್ನಾಟಕದಿಂದ ಆರಿಸಿಕೊಂಡದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳನ್ನು. ಈಗಿನ ಕೊಪ್ಪಳ ಜಿಲ್ಲೆಯ ತಾಲ್ಲೂಕುಗಳೆಲ್ಲ ಆಗ ರಾಯಚೂರಿಗೆ ಸೇರಿದ್ದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ, ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿಯ ಮೂರು ಮೀಟರ್ ಅಗಲದ ಆಂಟೆನಾಗಳು ಎಟಿಎಸ್-6 ಉಪಗ್ರಹದ ಸಂಕೇತವನ್ನು ಹಿಡಿಯುತ್ತಿದ್ದವು. ಸೆಟ್ಟುಗಳನ್ನು ಮಾಡಿದ್ದು ಹೈದರಾಬಾದಿನ ಇಸಿಐಎಲ್. ಕಲಬುರಗಿಯಲ್ಲಿ ದೂರದರ್ಶನ ಶುರುವಾದದ್ದು 1977ರಲ್ಲಿ, ಬೆಂಗಳೂರಿನಲ್ಲಿ 1981ರ ನವೆಂಬರ್ 1ರಂದು. ಊರಿಗೊಂದಿದ್ದ ಸೆಟ್ಟು ಮುಂದೆ ಮನೆಗೊಂದಾಯಿತು. ಅದರೊಂದಿಗೆ ಲೈನಿನ ಏರಿಳಿತವೂ ಮನೆಮನೆಯ ಚಿಂತೆಯಾಯಿತು.

ಫ್ಯೂಸನ್ನು ಓದುವುದು

ಮೊದಲು ಯಾವ ಫ್ಯೂಸ್ ಹೋಗಿದೆ ಎಂದು ನೋಡಬೇಕು. ಬೋರ್ಡಿನ ಪಿಂಗಾಣಿ ಕಿಟ್‌ಕ್ಯಾಟ್ ಹೋಗಿ, ಸೆಟ್ಟಿನ ಫ್ಯೂಸ್ ಗಟ್ಟಿಯಾಗಿದ್ದರೆ ದೋಷ ಸಾಮಾನ್ಯವಾಗಿ ಇವೆರಡರ ನಡುವೆ ಇರುತ್ತದೆ: ಇಲಿ ಕಡಿದ ವೈರು, ಕರಗಿದ ಪ್ಲಗ್ಗು, ಅಥವಾ ಸ್ಟೆಬಿಲೈಸರು. ಸ್ಟೆಬಿಲೈಸರನ್ನು ಬಿಟ್ಟು ಸೆಟ್ಟನ್ನು ನೇರವಾಗಿ ಹಾಕಿದಾಗ ಫ್ಯೂಸ್ ನಿಂತರೆ ಟಿವಿಯ ಹಿಂಬದಿ ಬಿಚ್ಚುವ ಅಗತ್ಯವೇ ಇಲ್ಲ.

ಸೆಟ್ಟಿನ ಫ್ಯೂಸ್ 20 ಮಿಲಿಮೀಟರ್ ಉದ್ದ, 5 ಮಿಲಿಮೀಟರ್ ದಪ್ಪದ ಗಾಜಿನ ಕೊಳವೆ. ಸತ್ತ ಫ್ಯೂಸನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿಯಬೇಕು. ಗಾಜು ತಿಳಿಯಾಗಿದ್ದು ತಂತಿ ನಡುವೆ ತುಂಡಾಗಿದ್ದರೆ ಅದು ದಣಿದು ಸತ್ತದ್ದು, ಇಲ್ಲವೇ ತುಸು ಹೆಚ್ಚಿನ ಹೊರೆಗೆ ಸೋತದ್ದು. ಹೊಸದು ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಗಾಜಿನ ಒಳಮೈ ಕಪ್ಪಾಗಿದ್ದರೆ ಅಥವಾ ಬೆಳ್ಳಿಯ ಲೇಪ ಹಿಡಿದಂತಿದ್ದರೆ ತಂತಿ ಕ್ಷಣದಲ್ಲಿ ಆವಿಯಾಗಿದೆ ಎಂದರ್ಥ. ಅಂಗಡಿಯವರು ‘ಡೆಡ್ ಶಾಟ್’ ಎನ್ನುವುದು ಇದಕ್ಕೇ. ಅಂಥ ಸೆಟ್ಟಿಗೆ ಎರಡನೆಯ ಫ್ಯೂಸ್ ಹಾಕುವುದು ವ್ಯರ್ಥ.

ದೋಷವೇ ಇಲ್ಲದ ಸೆಟ್ಟೂ ಫ್ಯೂಸ್ ಸುಡುವುದುಂಟು. ಕಾರಣ, ತಪ್ಪು ಜಾತಿಯ ಫ್ಯೂಸ್. 21 ಇಂಚಿನ ಹಳೆಯ ಕಲರ್ ಟಿವಿ ಎಳೆಯುವುದು ಹೆಚ್ಚುಕಡಿಮೆ ನೂರು ವ್ಯಾಟ್, ಅಂದರೆ ಅರ್ಧ ಆಂಪಿಯರಿನ ಆಸುಪಾಸು. ಆದರೂ ಅದರಲ್ಲಿ 2ರಿಂದ 4 ಆಂಪಿಯರ್ ಫ್ಯೂಸ್ ಇರುತ್ತದೆ. ಸ್ವಿಚ್ ಒತ್ತಿದ ಗಳಿಗೆಯಲ್ಲಿ ಖಾಲಿ ಕೆಪ್ಯಾಸಿಟರ್ ತುಂಬಲು ಮತ್ತು ಪಿಕ್ಚರ್ ಟ್ಯೂಬಿನ ಕಾಂತತ್ವ ಅಳಿಸುವ ಡಿಗಾಸಿಂಗ್ ಕಾಯಿಲಿಗೆ ಹಲವು ಆಂಪಿಯರ್ ಬೇಕು. ಆ ಹೊಡೆತವನ್ನು ತಾಳುವ ನಿಧಾನಗತಿಯ ಫ್ಯೂಸಿನ ಮೇಲೆ ‘ಟಿ’ ಅಕ್ಷರ, ಕೂಡಲೇ ಸುಡುವುದರ ಮೇಲೆ ‘ಎಫ್’ ಅಕ್ಷರ ಇರುತ್ತದೆ. ಟಿ ಇದ್ದ ಜಾಗಕ್ಕೆ ಎಫ್ ಹಾಕಿದರೆ ವಾರಕ್ಕೊಂದು ಫ್ಯೂಸ್ ಖರ್ಚಾಗುತ್ತದೆ. ಸಣ್ಣ ಊರಿನ ಅಂಗಡಿಯಲ್ಲಿ ಡಬ್ಬಿಗೆ ಕೈಹಾಕಿ ಸಿಕ್ಕಿದ್ದನ್ನು ಕೊಡುವವರೇ ಹೆಚ್ಚು. ಅಕ್ಷರ ನೋಡಿ ಕೊಳ್ಳುವ ಹೊಣೆ ಗಿರಾಕಿಯದು.

ಲೈನಿನ ಪಾಲು

ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ವಿದ್ಯುದಾಗಾರ ಇರುವ ಮುನಿರಾಬಾದ್ ಕೊಪ್ಪಳ ತಾಲ್ಲೂಕಿನದೇ. ಆದರೆ ಕರೆಂಟ್ ಹುಟ್ಟುವ ಜಾಗ ಹತ್ತಿರವಿದ್ದರೆ ವೋಲ್ಟೇಜ್ ಸರಿಯಿರುತ್ತದೆ ಎಂಬುದು ಹುಸಿ ನಂಬಿಕೆ. ಮನೆಯ ವೋಲ್ಟೇಜನ್ನು ನಿರ್ಧರಿಸುವುದು ಟ್ರಾನ್ಸ್‌ಫಾರ್ಮರಿನಿಂದ ಬಾಗಿಲವರೆಗಿನ ತಂತಿ, ಮತ್ತು ಅದೇ ತಂತಿಗೆ ಜೋತುಬಿದ್ದ ಇತರರ ಹೊರೆ. ಗಂಗಾವತಿ, ಕಾರಟಗಿ ಕಡೆ ಅಕ್ಕಿ ಗಿರಣಿಗಳ ಮೋಟಾರು; ಕುಷ್ಟಗಿ, ಯಲಬುರ್ಗಾ ಕಡೆ ಕೊಳವೆಬಾವಿಯ ಪಂಪು. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲೇ ಮೋಟಾರು ಎತ್ತಿದರೆ ಸುತ್ತಲ ಮನೆಗಳ ಬಲ್ಬು ಮಂಕಾಗುತ್ತದೆ. ನೀರಾವರಿ ಮತ್ತು ಮನೆಬಳಕೆಯ ಫೀಡರುಗಳನ್ನು ಬೇರೆ ಮಾಡಿದ ‘ನಿರಂತರ ಜ್ಯೋತಿ’ ಯೋಜನೆ ಈ ಕಾಟವನ್ನು ಹಳ್ಳಿಗಳಲ್ಲಿ ಕಡಿಮೆ ಮಾಡಿತು; ತೋಟದ ಮನೆಗಳಲ್ಲಿ ಅದು ಇನ್ನೂ ಇದೆ.

ಕಡಿಮೆ ವೋಲ್ಟೇಜ್ ನೇರವಾಗಿ ಫ್ಯೂಸ್ ಸುಡುವುದು ಅಪರೂಪ. ಈಗಿನ ಟಿವಿಗಳ ಎಸ್‌ಎಂಪಿಎಸ್ ಪವರ್ ಸಪ್ಲೈ ವೋಲ್ಟೇಜ್ ಇಳಿದಷ್ಟೂ ಹೆಚ್ಚು ಕರೆಂಟ್ ಎಳೆದು ತನ್ನ ಕೆಲಸ ಪೂರೈಸಿಕೊಳ್ಳುತ್ತದೆ. 230 ವೋಲ್ಟಿನ ಜಾಗದಲ್ಲಿ 115 ಬಂದರೆ ಎಳೆತ ದುಪ್ಪಟ್ಟು. ಆ ಬಿಸಿಯಲ್ಲಿ ಬೇಯುವುದು ಪವರ್ ಟ್ರಾನ್ಸಿಸ್ಟರು. ಅದು ಒಂದು ದಿನ ಶಾಟ್ ಆದಾಗ ಫ್ಯೂಸ್ ಹಾರುತ್ತದೆ. ಇದಕ್ಕಿಂತ ಕೆಟ್ಟದ್ದು ಕಣ್ಣುಮುಚ್ಚಾಲೆಯಾಡುವ ಕರೆಂಟು. ಮೊದಲ ಹೊಡೆತವನ್ನು ತಡೆಯಲೆಂದು ಇಟ್ಟ ಥರ್ಮಿಸ್ಟರ್ ತಣ್ಣಗಿದ್ದಾಗ ಮಾತ್ರ ತಡೆಯುತ್ತದೆ. ಎರಡು ಸೆಕೆಂಡು ಹೋಗಿ ಬಂದರೆ ಕೆಪ್ಯಾಸಿಟರ್ ಖಾಲಿಯಾಗಿರುತ್ತದೆ, ಥರ್ಮಿಸ್ಟರ್ ಇನ್ನೂ ಬಿಸಿಯಾಗಿರುತ್ತದೆ. ತಡೆಯೇ ಇಲ್ಲದೆ ಕರೆಂಟ್ ನುಗ್ಗುತ್ತದೆ. ಕರೆಂಟ್ ಹೋದಾಗ ಪ್ಲಗ್ ಕಿತ್ತಿಟ್ಟು, ಬಂದು ಕೆಲವು ನಿಮಿಷ ನಿಂತ ಮೇಲೆ ಹಾಕುವ ಹಿರಿಯರ ರೂಢಿಗೆ ಹೀಗೊಂದು ಗಟ್ಟಿ ಕಾರಣವಿದೆ.

ಎಲ್ಲಕ್ಕಿಂತ ಅಪಾಯಕಾರಿ ನ್ಯೂಟ್ರಲ್ ಕಡಿಯುವುದು. ಬೀದಿಯ ಲೈನಿನಲ್ಲಿ ಮೂರು ಫೇಸ್, ಒಂದು ನ್ಯೂಟ್ರಲ್. ಗಾಳಿಮಳೆಗೆ ನ್ಯೂಟ್ರಲ್ ತುಂಡಾದರೆ ಅಥವಾ ಅದರ ಜೋಡಣೆ ಸಡಿಲಾದರೆ ಮನೆಗಳು ಎರಡು ಫೇಸ್‌ಗಳ ನಡುವೆ ಸರಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಹೊರೆ ಹೆಚ್ಚಿರುವ ಫೇಸಿನ ಮನೆಗಳಲ್ಲಿ ದೀಪ ಮಂಕು. ಹೊರೆ ಕಡಿಮೆಯಿರುವ ಕಡೆ ವೋಲ್ಟೇಜ್ 300 ದಾಟಿ 400ರತ್ತ ಏರುತ್ತದೆ. ಗ್ರಾನೈಟ್ ಬಂಡೆಯ ನೆಲವಾದ ಕೊಪ್ಪಳದಲ್ಲಿ, ಅದರಲ್ಲೂ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದ್ದಾಗ, ನೆಲದ ಮೂಲಕ ಮರಳಿ ಹೋಗುವ ದಾರಿಯೂ ದುರ್ಬಲ. ಒಂದು ಸಾಲಿನ ಮನೆಗಳ ಟಿವಿಗಳೆಲ್ಲ ಒಂದೇ ಸಂಜೆ ಸತ್ತರೆ ಇದನ್ನೇ ಶಂಕಿಸಬೇಕು. ಬಲ್ಬು ಅತಿಯಾಗಿ ಉರಿದು ಫ್ಯಾನು ಹುಚ್ಚಾಗಿ ತಿರುಗಿದರೆ ಕೂಡಲೇ ಮೇನ್ ಇಳಿಸಿ, 1912ಕ್ಕೆ ಕರೆ ಮಾಡಿ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂಗೆ ತಿಳಿಸಬೇಕು.

ಹೀಗೆ ಸತ್ತ ಸೆಟ್ಟಿನ ರಿಪೇರಿ ಅನೇಕ ಸಲ ಅಗ್ಗ. 230 ವೋಲ್ಟಿನ ಏಸಿ ಡಯೋಡ್ ದಾಟಿದ ಮೇಲೆ 325 ವೋಲ್ಟ್ ಡಿಸಿ ಆಗುತ್ತದೆ. ಅದಕ್ಕೆಂದೇ ಮೇನ್ ಫಿಲ್ಟರ್ ಕೆಪ್ಯಾಸಿಟರ್ 400 ವೋಲ್ಟಿನದು. ಲೈನಿನಲ್ಲಿ 300 ಬಂದರೆ ಒಳಗೆ 424, ಅಂದರೆ ಕೆಪ್ಯಾಸಿಟರಿನ ಮಿತಿ ಮೀರಿತು. ಫ್ಯೂಸಿನ ಹಿಂದೆಯೇ ಇರುವ ಬಿಲ್ಲೆಯಾಕಾರದ ವೇರಿಸ್ಟರ್ ಆಗ ತಾನೇ ಶಾಟ್ ಆಗಿ, ಫ್ಯೂಸನ್ನು ಸುಟ್ಟು, ಉಳಿದದ್ದನ್ನು ಕಾಯುತ್ತದೆ. ಸೀಳಿ ಕಪ್ಪಾದ ವೇರಿಸ್ಟರ್ ಕಂಡರೆ ಅದನ್ನು ಬದಲಿಸಲೇಬೇಕು. ಕಿತ್ತುಹಾಕಿ ‘ಚಾಲೂ ಆತು’ ಎಂದು ಕಳಿಸಿದ ಸೆಟ್ಟು ಮುಂದಿನ ಸಲ ಪೂರ್ತಿ ಸುಡುತ್ತದೆ.

ಸೆಟ್ಟಿನೊಳಗೆ

ಪ್ಲಗ್ ಕಿತ್ತ ಮೇಲೂ ಮೇನ್ ಫಿಲ್ಟರಿನಲ್ಲಿ 300 ವೋಲ್ಟ್ ಉಳಿದಿರಬಹುದು; ಫ್ಯೂಸ್ ಹೋಗದೆ ಪವರ್ ಸಪ್ಲೈ ಮಾತ್ರ ನಿಂತ ಸೆಟ್ಟಿನಲ್ಲಂತೂ ಖಂಡಿತ. ಪಿಕ್ಚರ್ ಟ್ಯೂಬಿನ ರಬ್ಬರ್ ಟೊಪ್ಪಿಗೆಯಡಿ ಇರುವುದು ಸಾವಿರಾರು ವೋಲ್ಟ್. ಇವನ್ನು ಬರಿದು ಮಾಡಲು ಬಾರದವರು ಹಿಂಬದಿ ತೆಗೆಯಬಾರದು.

ಫ್ಯೂಸಿನಿಂದ ಕರೆಂಟ್ ಸಾಗುವ ಕ್ರಮದಲ್ಲೇ ಹುಡುಕುವುದು ಜಾಣತನ. ಡಿಗಾಸಿಂಗ್ ಕಾಯಿಲಿನ ಪ್ಲಗ್ ಕಿತ್ತಾಗ ಫ್ಯೂಸ್ ನಿಂತರೆ, ಆ ಕಾಯಿಲಿನ ಕರೆಂಟನ್ನು ಹತೋಟಿಯಲ್ಲಿಡುವ, ಪೆಟ್ಟಿಗೆಯಂಥ ಪುಟ್ಟ ಪೊಸಿಸ್ಟರ್ ಒಡೆದು ಶಾಟ್ ಆಗಿದೆ. ಹತ್ತು ವರ್ಷ ದಾಟಿದ ಕಲರ್ ಸೆಟ್ಟುಗಳಲ್ಲಿ ಇದು ತೀರ ಸಾಮಾನ್ಯ, ಎಲ್ಲಕ್ಕಿಂತ ಸುಲಭ. ಆಮೇಲೆ ಬ್ರಿಡ್ಜಿನ ನಾಲ್ಕು ಡಯೋಡುಗಳು, ಹೆಚ್ಚಾಗಿ 1ಎನ್4007. ಒಂದು ಶಾಟ್ ಆಗಿದ್ದರೂ ನಾಲ್ಕನ್ನೂ ಬದಲಿಸುವುದು ವಾಡಿಕೆ, ಸರಿಯಾದ ವಾಡಿಕೆ. ಆಮೇಲೆ ಉಬ್ಬಿದ ಮೇನ್ ಫಿಲ್ಟರು.

ಪವರ್ ಟ್ರಾನ್ಸಿಸ್ಟರ್ ಅಥವಾ ಎಸ್‌ಟಿಆರ್ ಐಸಿ ಶಾಟ್ ಆಗಿದ್ದರೆ ಕೆಲಸ ಕಷ್ಟದ್ದು. ಅದು ಸುಮ್ಮನೆ ಸಾಯುವುದಿಲ್ಲ. ಪಕ್ಕದ 47 ಮೈಕ್ರೋಫ್ಯಾರಡಿನಂಥ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಬಿಸಿಗೆ ಒಣಗಿ ನಿಯಂತ್ರಣ ತಪ್ಪಿರುತ್ತದೆ, ಇಲ್ಲವೇ ಚಾಪರ್ ಟ್ರಾನ್ಸ್‌ಫಾರ್ಮರಿನ ಕಾಲಲ್ಲಿ ಡ್ರೈ ಸೋಲ್ಡರ್ ಇರುತ್ತದೆ. ಐಸಿ ಒಂದನ್ನೇ ಹಾಕಿ ಸ್ವಿಚ್ ಒತ್ತುವ ಮೆಕ್ಯಾನಿಕ್ ಹೊಸ ಐಸಿಯನ್ನೂ ಹೊಸ ಫ್ಯೂಸನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ. ‘ಇ.ಎಚ್.ಟಿ. (ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರು) ಹೋಗ್ಯದ’ ಎಂಬ ಜನಪ್ರಿಯ ತೀರ್ಪನ್ನು ಮಾತ್ರ ಅನುಮಾನದಿಂದ ನೋಡಬೇಕು: ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್ ಅಥವಾ ಇ.ಎಚ್.ಟಿ. ಶಾಟ್ ಆದಾಗ ಎಸ್‌ಎಂಪಿಎಸ್ ಸೆಟ್ಟುಗಳಲ್ಲಿ ಹೆಚ್ಚಾಗಿ ಪವರ್ ಸಪ್ಲೈ ಟಿಕ್ ಟಿಕ್ ಎಂದು ಮುಗ್ಗರಿಸುತ್ತದೆ, ಫ್ಯೂಸ್ ಉಳಿಯುತ್ತದೆ.

ದೂಳು ಮತ್ತು ಜೀವಜಂತುಗಳದ್ದು ಬೇರೆ ಅಧ್ಯಾಯ. ಗಿಣಿಗೇರಾ ಸುತ್ತಲ ಕಾರ್ಖಾನೆಗಳ ಕಪ್ಪು ದೂಳಿನಲ್ಲಿ ಇಂಗಾಲ, ಕಬ್ಬಿಣದ ಕಣಗಳಿದ್ದರೆ ಅದು ಮಳೆಗಾಲದ ತೇವದೊಂದಿಗೆ ಸೇರಿ ಕರೆಂಟ್ ಹಾಯಿಸುತ್ತದೆ. ಬೋರ್ಡಿನ ಮೇಲೆ ಸುಟ್ಟ ಗೆರೆ ಮೂಡುತ್ತದೆ. ಬೆಚ್ಚಗಿನ ಜಾಗ ಹುಡುಕಿ ಬಂದ ಹಲ್ಲಿ ಮೇನ್ ಫಿಲ್ಟರಿನ ಎರಡು ಕಾಲುಗಳ ಮೇಲೆ ಮಲಗಿದರೆ ಮುಗಿಯಿತು. ಹಲ್ಲಿ ತೆಗೆದರಷ್ಟೇ ಸಾಲದು, ಕರಿಯಾದ ಜಾಗವನ್ನು ಸ್ಪಿರಿಟ್ಟಿನಿಂದ ತೊಳೆದು ಕೆರೆಯಬೇಕು.

ಸೀರೀಸ್ ಬಲ್ಬು

ಫ್ಯೂಸ್ ಪರೀಕ್ಷೆಗೆ ಕೊಪ್ಪಳದ ಪೇಟೆಯಲ್ಲಾಗಲಿ ಮುಂಬೈಯಲ್ಲಾಗಲಿ ಸೀರೀಸ್ ಬಲ್ಬಿಗಿಂತ ಒಳ್ಳೆಯ ಸಾಧನವಿಲ್ಲ. 60 ಅಥವಾ 100 ವ್ಯಾಟಿನ ಹಳೆಯ ತಂತಿ ಬಲ್ಬನ್ನು ಟಿವಿಯೊಂದಿಗೆ ಸರಣಿಯಲ್ಲಿ ಸೇರಿಸುತ್ತಾರೆ. ಸೆಟ್ಟು ಪೂರ್ತಿ ಶಾಟ್ ಆಗಿದ್ದರೂ 100 ವ್ಯಾಟ್ ಬಲ್ಬು 0.43 ಆಂಪಿಯರಿಗಿಂತ ಹೆಚ್ಚು ಬಿಡುವುದಿಲ್ಲ. ಫ್ಯೂಸೂ ಉಳಿಯಿತು, ಹೊಸ ಭಾಗಗಳೂ ಉಳಿದವು. ಬಲ್ಬು ಒಮ್ಮೆ ಫಳಕ್ಕೆಂದು ಮಂಕಾದರೆ ಕೆಪ್ಯಾಸಿಟರ್ ತುಂಬಿದೆ, ಶಾಟ್ ಇಲ್ಲ. ಪೂರ್ಣ ಬೆಳಕಲ್ಲೇ ನಿಂತರೆ ಶಾಟ್ ಇನ್ನೂ ಇದೆ. ಉಬ್ಬಿ ಕುಗ್ಗುತ್ತಿದ್ದರೆ ಪವರ್ ಸಪ್ಲೈ ಏಳಲು ಹೆಣಗುತ್ತಿದೆ, ಅಥವಾ ಬಲ್ಬೇ ಚಿಕ್ಕದು. ಪರೀಕ್ಷೆಗೆ ಮೊದಲು ಡಿಗಾಸಿಂಗ್ ಕಾಯಿಲ್ ಬಿಚ್ಚದಿದ್ದರೆ ಅದರ ಎಳೆತಕ್ಕೇ ಬಲ್ಬು ಉರಿದು ದಾರಿ ತಪ್ಪಿಸುತ್ತದೆ. ಎಲ್‌ಇಡಿ, ಸಿಎಫ್‌ಎಲ್ ಬಲ್ಬು ಈ ಕೆಲಸಕ್ಕೆ ಬಾರವು. ಬಿಸಿಯಾದಂತೆ ತಡೆ ಹೆಚ್ಚಿಸಿಕೊಳ್ಳುವ ಗುಣ ಇರುವುದು ಟಂಗ್‌ಸ್ಟನ್ ತಂತಿಗೆ.

ತಾಮ್ರದ ಎಳೆ

ಫ್ಯೂಸ್ ಸಿಗದಾಗ ವೈರಿನ ಎಳೆಯನ್ನೋ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆಯನ್ನೋ ಸುತ್ತುವ ಚಾಳಿ ಊರೂರಲ್ಲಿದೆ. ಕಿಟ್‌ಕ್ಯಾಟಿನಲ್ಲಿ 5 ಆಂಪಿಯರಿಗೆ 35 ಗೇಜಿನ ಕಲಾಯಿ ತಂತಿ ಸಾಕು. ಕೈಗೆ ಸಿಕ್ಕ ದಪ್ಪ ಎಳೆ ಕಟ್ಟಿದರೆ ಮುಂದಿನ ಶಾಟಿನಲ್ಲಿ ಫ್ಯೂಸಿನ ಬದಲು ಗೋಡೆಯೊಳಗಿನ ವೈರು ಸುಡುತ್ತದೆ. ಸೆಟ್ಟಿನೊಳಗೆ ಹೀಗೆ ಮಾಡಿದರೆ ಬೋರ್ಡಿನ ತಾಮ್ರದ ಪಟ್ಟಿ ಎದ್ದುಬಂದು, ಹತ್ತು ರೂಪಾಯಿಯ ಡಯೋಡಿನಲ್ಲಿ ಮುಗಿಯಬೇಕಾದ ಕೆಲಸ ಬೋರ್ಡನ್ನೇ ತಿನ್ನುತ್ತದೆ. ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ.

ಎಲ್‌ಇಡಿ ಟಿವಿಗಳಲ್ಲಿ

ಡಿಗಾಸಿಂಗ್ ಕಾಯಿಲ್, ಇ.ಎಚ್.ಟಿ. ಎರಡೂ ಇಲ್ಲಿಲ್ಲ. ವೇರಿಸ್ಟರ್, ಬ್ರಿಡ್ಜ್, ಮೇನ್ ಫಿಲ್ಟರ್, ಪವರ್ ಮಾಸ್ಫೆಟ್ ಹಾಗೇ ಇವೆ. ಸೀರೀಸ್ ಬಲ್ಬಿನ ಪರೀಕ್ಷೆಯೂ ಹಾಗೇ ನಡೆಯುತ್ತದೆ. ಧ್ವನಿ ಬಂದು ಚಿತ್ರ ಕಪ್ಪಾಗಿದ್ದರೆ ಅದು ಬ್ಯಾಕ್‌ಲೈಟಿನ ದೋಷ, ಫ್ಯೂಸಿಗೂ ಅದಕ್ಕೂ ಸಂಬಂಧವಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮಾತ್ರ ಈ ಸೆಟ್ಟುಗಳು ಹಳೆಯವಕ್ಕಿಂತ ಮೆತ್ತಗೆ: ಸಿಡಿಲಿನ ಹೊಡೆತ ಡಿಶ್ ಅಥವಾ ಕೇಬಲ್ ತಂತಿಯಿಂದ ಎಚ್‌ಡಿಎಂಐ ಮೂಲಕ ಮೇನ್ ಬೋರ್ಡಿಗೇ ಇಳಿಯುತ್ತದೆ. ಪವರ್ ಪ್ಲಗ್ ಕಿತ್ತು ಕೇಬಲ್ ಹಾಗೇ ಬಿಟ್ಟವರ ಸೆಟ್ಟಿನಲ್ಲಿ ಫ್ಯೂಸ್ ಸರಿಯಾಗಿಯೇ ಇರುತ್ತದೆ, ಟಿವಿ ಮಾತ್ರ ಸತ್ತಿರುತ್ತದೆ.